ರೊಟ್ಟಿ ರಾಜಿ

ಸಂಗನಬಸಪ್ಪನವರು ಓದದೆ ಸಹಿ ಹಾಕುವವರು. ಸಹಿ ಹಾಕಿದ ಮೇಲೆ ಪ್ರಾಣ ಹೋದರೂ ಮಾತು ತಪ್ಪದವರು. ಇವೆರಡರಲ್ಲಿ ಒಂದೇ ಗುಣವಿದ್ದರೆ ಮನುಷ್ಯ ಹೇಗೋ ಬದುಕಿಕೊಳ್ಳುತ್ತಾನೆ. ಎರಡೂ ಒಬ್ಬರಲ್ಲೇ ಸೇರಿಕೊಂಡರೆ ಏನಾಗುತ್ತದೆ ಎಂಬುದನ್ನು ಕೃಷ್ಣರಾಜಪುರದ ಮಾರ್ಕೆಟ್ ಹಿಂದಿನ ನಮ್ಮ ಬೀದಿ ಕಣ್ಣಾರೆ ಕಂಡಿದೆ.

ಅವರ ಊರು ಗದಗದ ಕಡೆ. ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ಕೆಲಸಕ್ಕೆ ಸೇರಿದ ದಿನ "ಆವರಣದೊಳಗೆ ಫೋಟೊ ನಿಷಿದ್ಧ" ಎಂಬ ಕಾಗದಕ್ಕೆ ಸಹಿ ಹಾಕಿದ್ದರು. ಇಪ್ಪತ್ತೈದು ವರ್ಷದ ನಂತರ ಅದೇ ಆವರಣದಲ್ಲಿ ಅವರಿಗೇ ಸನ್ಮಾನವಾದಾಗ, ಕ್ಯಾಮೆರಾ ಕಂಡೊಡನೆ ಶಾಲನ್ನು ಮುಖಕ್ಕೆ ಮುಚ್ಚಿಕೊಂಡು ಕೂತರು. ಆ ಫೋಟೊ ಈಗಲೂ ಅವರ ನಡುಮನೆಯ ಗೋಡೆಯ ಮೇಲಿದೆ. ಹೊಸದಾಗಿ ಬಂದ ನೆಂಟರು ತೀರಿಕೊಂಡವರು ಯಾರೋ ಇರಬೇಕೆಂದು ಕೈಮುಗಿದು ಕೂರುತ್ತಾರೆ.

ಇಂಥವರ ಮೇಲೆ ಪಕ್ಕದ ಮನೆಯ ಆದಿನಾರಾಯಣ ಕೇಸು ಹಾಕಿದರು. ಕಾರಣ, ಸಂಗನಬಸಪ್ಪನವರ ಹೆಂಡತಿ ರುದ್ರಾಣಿಯವರ ಜೋಳದ ರೊಟ್ಟಿ. ಎರಡು ಮನೆಗೂ ಅಡುಗೆಮನೆಯ ಗೋಡೆ ಒಂದೇ. ಈ ಕಡೆ ರುದ್ರಾಣಿ ಬೆಳಗಿನ ಐದಕ್ಕೆ ಕಟ್ಟೆಯ ಮೇಲೆ ರೊಟ್ಟಿ ಬಡಿಯಲು ನಿಂತರೆ, ಆ ಕಡೆ ಆದಿನಾರಾಯಣರ ಮನೆಯ ಲೋಟಗಳು ಸ್ಟ್ಯಾಂಡಿನಲ್ಲಿ ಕುಣಿಯುತ್ತಿದ್ದವು. ಹಾರ್ಡ್‌ವೇರ್ ಅಂಗಡಿಯನ್ನು ಮಗನಿಗೆ ಬಿಟ್ಟು ಮನೆ ಸೇರಿದ್ದ ಅವರಿಗೆ ನಿದ್ದೆ ಬಿಟ್ಟರೆ ಬೇರೆ ಉದ್ಯೋಗವಿರಲಿಲ್ಲ, ಆ ಉದ್ಯೋಗಕ್ಕೂ ಈಗ ಸಂಚಕಾರ ಬಂದಿತ್ತು. "ಪ್ರತಿವಾದಿಯ ಮನೆಯಿಂದ ದಿನಂಪ್ರತಿ ಹೊರಡುವ ನಿರಂತರ ಹಾಗೂ ಅಸಹನೀಯ ಬಡಿತಕ್ಕೆ ತಡೆಯಾಜ್ಞೆ ಕೊಡಬೇಕು" ಎಂದು ಅವರ ವಕೀಲರು ಬರೆದರು.

ನೋಟಿಸು ಓದಿಸಿಕೊಂಡ ರುದ್ರಾಣಿಯವರು ಸಿಡಿದೆದ್ದರು.

"ಅಸಹನೀಯ ಅಂತ! ನನ್ನ ರೊಟ್ಟಿಗೆ! ರೊಟ್ಟಿ ಬಡದ್ರ ಬಡಿತ ಕೇಳ್ದ ವೀಣಾ ಬಾರಿಸಿದಂಗ ಕೇಳ್ತೈತೇನ್ರೀ? ಇನ್ನ ಆ ಮನಿಗೆ ನನ್ನ ಕೈಯಿಂದ ಒಂದ್ ತುಣುಕ್ ರೊಟ್ಟಿ ಹೋಗಂಗಿಲ್ಲ, ಬರ್ಕೋರಿ!"

ಅಲ್ಲಿಯವರೆಗೂ ಹೋಗಿರಲಿಲ್ಲ ಎಂಬುದು ಬೇರೆ ವಿಷಯ. ನಿಜ ಹೇಳಬೇಕೆಂದರೆ ಅದೇ ವಿಷಯ.

ತಡೆಯಾಜ್ಞೆ ಬಂದರೆ ರೊಟ್ಟಿ ನಿಲ್ಲುತ್ತದೆ. ರೊಟ್ಟಿ ನಿಂತರೆ ಸಂಗನಬಸಪ್ಪನವರೂ ಸುಮಾರಾಗಿ ನಿಂತಂತೆಯೇ. ಬೆಂಗಳೂರಿಗೆ ಬಂದು ಇಪ್ಪತ್ತಾರು ವರ್ಷವಾದರೂ ಅನ್ನ ಉಂಡರೆ ಊಟವಾಯಿತೆಂದು ಅವರ ಹೊಟ್ಟೆ ಒಪ್ಪಿಲ್ಲ. ನ್ಯಾಯಾಧೀಶರು ಮಾತ್ರ ಕಾಗದ ಓದಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಓದಿ, "ಇದನ್ನ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸ್ತೀನಿ. ಕೂತು ಮಾತಾಡ್ಕೊಂಡು ಬನ್ನಿ" ಎಂದು ಇಬ್ಬರನ್ನೂ ಸಾಗಹಾಕಿದರು.

ಅಲ್ಲಿ ಮಧ್ಯಸ್ಥಗಾರರಾಗಿ ಸಿಕ್ಕಿದವರು ಪದ್ಮಶ್ರೀ ಎಂಬ ವಕೀಲೆ. ಜಗಳ ನೋಡಿ ನೋಡಿ ತಾಳ್ಮೆ ಬಂದ ಮುಖ. ಮೊದಲೇ ಹೇಳಿದರು:

"ಇಲ್ಲಿ ಆಡಿದ ಮಾತು ಈ ಕೋಣೆ ದಾಟಬಾರದು. ಜಡ್ಜ್ ಸಾಹೇಬ್ರಿಗೂ ನಾನು ಹೇಳಲ್ಲ, ನೀವೂ ಯಾರಿಗೂ ಹೇಳ್ಬೇಡಿ. ಇದು ಗೋಪ್ಯ. ಇಲ್ಲಿ ಸಹಿ ಮಾಡಿ."

ಸಂಗನಬಸಪ್ಪನವರು ಓದದೆ ಸಹಿ ಮಾಡಿದರು. ಸಾಲದ್ದಕ್ಕೆ ಅಂಗಿಯೊಳಗಿನ ಲಿಂಗ ಮುಟ್ಟಿಕೊಂಡು, "ಯಾರಿಗೂ ಹೇಳಂಗಿಲ್ರಿ ಮೇಡಂ. ಲಿಂಗದಾಣಿ" ಎಂದರು. ಇಷ್ಟು ದೊಡ್ಡ ಗುಟ್ಟನ್ನು ಸರ್ಕಾರ ತಮ್ಮನ್ನು ನಂಬಿ ಕೊಡುತ್ತಿದೆ ಎಂದು ಅವರಿಗೆ ಎದೆಯುಬ್ಬಿತು.

ಆದಿನಾರಾಯಣ ಅರ್ಧ ಗಂಟೆ ನಿದ್ದೆ, ಬಿಪಿ, ಕುಣಿಯುವ ಲೋಟಗಳ ಬಗ್ಗೆ ಮಾತಾಡಿದರು. ಪದ್ಮಶ್ರೀ ಎಲ್ಲ ಕೇಳಿ, "ಅದೆಲ್ಲ ಸರಿ ಸರ್. ನಿಮಗೆ ನಿಜವಾಗ್ಲೂ ಏನು ಬೇಕು?" ಎಂದರು.

ಆದಿನಾರಾಯಣ ಬಾಗಿಲ ಕಡೆ ನೋಡಿದರು. ಬಾಗಿಲು ಹಾಕಿತ್ತು. ದನಿ ತಗ್ಗಿಸಿದರು.

"ಮೇಡಂ, ಒಂಬತ್ತು ವರ್ಷದಿಂದ ಶಬ್ದ ನಮಗೆ, ರೊಟ್ಟಿ ಅವರಿಗೆ. ಐದಕ್ಕೆ ಬಡಿಯೋದು ಕೇಳ್ಬೇಕು, ಐದೂಕಾಲಿಗೆ ಸುಡೋ ವಾಸನೆ ಕುಡೀಬೇಕು. ಆಮೇಲೆ ನಮ್ಮನೆಯವಳು ಓಟ್ಸ್ ಗಂಜಿ ತಂದಿಡ್ತಾಳೆ. ಡಾಕ್ಟ್ರು ಹೇಳವ್ರಂತೆ. ಆ ಗಂಜಿ ಗೋಡೆಗೆ ಪೋಸ್ಟರ್ ಅಂಟ್ಸೋಕೆ ಲಾಯಕ್ಕು ಮೇಡಂ, ಮನುಷ್ಯ ತಿನ್ನೋದಲ್ಲ. ಒಂದಿನ, ಒಂದೇ ಒಂದಿನ, 'ತಗೊಳ್ಳಿ ಆದಿನಾರಾಯಣ' ಅಂತ ಈವಯ್ಯ ಒಂದು ರೊಟ್ಟಿ ಕೊಟ್ಟಿದ್ರೆ ನಾನ್ಯಾಕೆ ಕೋರ್ಟಿಗೆ ಬರ್ತಿದ್ದೆ?"

ಸಂಗನಬಸಪ್ಪನವರ ಕಣ್ಣಲ್ಲಿ ನೀರು ಬಂತು. ಹಸಿದವನ ಪಕ್ಕದಲ್ಲೇ ಒಂಬತ್ತು ವರ್ಷ ಉಂಡೆನಲ್ಲ ಎಂದು ನಿಜವಾಗಿಯೂ ಮರುಗಿದರು. ಹತ್ತು ನಿಮಿಷದಲ್ಲಿ ರಾಜಿಯಾಯಿತು: ಪ್ರತಿವಾದಿಯು ದಿನಕ್ಕೆ ಎರಡು ರೊಟ್ಟಿಯನ್ನು ಪಲ್ಯ ಅಥವಾ ಚಟ್ನಿ ಸಹಿತ ವಾದಿಗೆ ಕೊಡತಕ್ಕದ್ದು, ವಾದಿಯು ಶಬ್ದವನ್ನು ಸಹಿಸತಕ್ಕದ್ದು.

"ಹದಿನೈದು ದಿನ ನಡೆಸಿ ನೋಡಿ" ಎಂದರು ಪದ್ಮಶ್ರೀ. "ಒಂದು ದಿನ ತಪ್ಪಿದ್ರೂ ಕೇಸು ವಾಪಸ್ ಜಡ್ಜ್ ಮುಂದೆ ಹೋಗುತ್ತೆ. ಸರಿಯಾಗಿ ನಡೆದ್ರೆ ಡಿಕ್ರಿ ಮಾಡಿಸಿಬಿಡೋಣ. ಆಮೇಲೆ ಇದಕ್ಕೆ ಅಪೀಲಿಲ್ಲ."

ಮನೆಗೆ ಬಂದ ಗಂಡನನ್ನು ರುದ್ರಾಣಿ ಹೊಸ್ತಿಲಲ್ಲೇ ನಿಲ್ಲಿಸಿದರು. "ಏನಾತ್ರೀ?"

"ಹೇಳಂಗಿಲ್ಲ."

"ಅಂದ್ರ? ಗೆದ್ರೋ ಸೋತ್ರೋ?"

"ಅದೂ ಹೇಳಂಗಿಲ್ಲ."

"ನನಗ? ಹೆಂಡತಿಗೆ?"

"ಜಡ್ಜ್ ಸಾಹೇಬರಿಗೇ ಹೇಳಂಗಿಲ್ಲಂತ, ನಿಂದೇನ್ ದೊಡ್ಡದು?"

ರುದ್ರಾಣಿ ಕೈಯಲ್ಲಿದ್ದ ಮೊರ ಕೆಳಗಿಟ್ಟರು. ಮದುವೆಯಾದಾಗಿನಿಂದ ಈ ಮನುಷ್ಯ ಆಫೀಸಿನಲ್ಲಿ ಯಾರು ಸೀನಿದರೂ ಬಂದು ಹೇಳಿದವರು. ಅವರಿಗೆ ಹೆದರಿಕೆಯೇ ಆಯಿತು.

ಆದರೆ ಮರುದಿನ ಸಂಗನಬಸಪ್ಪನವರು, "ನನಗ ಇವತ್ತಿಂದ ಎರಡ್ ರೊಟ್ಟಿ ಜಾಸ್ತಿ ಇರ್ಲಿ. ಹಸಿವು ಹೆಚ್ಚಾಗೇತಿ" ಎಂದಾಗ ಹೆದರಿಕೆ ಹೋಗಿ ಪ್ರೀತಿ ಉಕ್ಕಿತು. ಊರಲ್ಲಿರುವ ತಮ್ಮ ವಿರೂಪಾಕ್ಷನಿಗೆ ತಕ್ಷಣ ಫೋನು ಹೋಯಿತು. "ಕೇಳಿಲ್ಲೋ, ನನ್ನ ರೊಟ್ಟಿ ಮ್ಯಾಲೆ ಕೇಸ್ ಹಾಕಿದ ಸಿಟ್ಟಿಗೆ ನಿಮ್ಮ ಭಾವ ಹಠ ಹಿಡದು ಎರಡ್ ಹೆಚ್ಚಿಗಿ ತಿನ್ನಾಕತ್ತಾರ. ಗಂಡ ಅಂದ್ರ ಹಿಂಗಿರಬೇಕ್ ನೋಡು!"

ಮೊದಲ ಕಂತು ಹೋಗಬೇಕಾದ ದಿನ ಎಳ್ಳಮಾವಾಸ್ಯೆ. ಅವರ ಕಡೆ ಅದು ಹೊಲದ ಹಬ್ಬ. ರುದ್ರಾಣಿ ಅಂದು ಕರಿ ಎಳ್ಳು ಹಚ್ಚಿ ಸಜ್ಜೆ ರೊಟ್ಟಿ ಬಡಿದಿದ್ದರು. ಕೊನೆಯ ತಟ್ಟು ತಟ್ಟುವಾಗ ನಡುವೆ ಮೂರು ಬೆರಳು ಒತ್ತಿ ಬಿಡುವುದು ಅವರ ತವರಿನ ಅಭ್ಯಾಸ. ಎಲ್ಲ ರೊಟ್ಟಿಗೂ ವಿಭೂತಿ ಹಚ್ಚಿದಂತೆ ಮೂರು ಗೆರೆ. ಸಂಗನಬಸಪ್ಪನವರು ತಟ್ಟೆಯಿಂದ ಎರಡನ್ನು ಎತ್ತಿಕೊಂಡು, ಕೆಂಪು ಚಟ್ನಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿ, ಎರಡು ಹಸಿಮೆಣಸಿನಕಾಯಿ, ಉಪಚಾರಕ್ಕೆಂದು ಅರ್ಧ ನಿಂಬೆಹಣ್ಣು ಸೇರಿಸಿದರು. ಕಟ್ಟಲು ಬೇರೆ ಬಟ್ಟೆ ತೆಗೆದರೆ ಹೆಂಡತಿಗೆ ಗೊತ್ತಾಗುತ್ತದೆ. ಆದ್ದರಿಂದ ಕಾರ್ಖಾನೆಯಲ್ಲಿ ಅಪಾಯದ ಬಾವುಟಕ್ಕೆ ಬಳಸಿ ಉಳಿದ ಕೆಂಪು ಬಟ್ಟೆಯ ತುಂಡಿನಲ್ಲಿ ಕಟ್ಟಿ, ಹಿತ್ತಲ ಕಾಂಪೌಂಡ್ ಗೋಡೆಯ ಮೇಲಿಟ್ಟು, ಆ ಕಡೆ ಈ ಕಡೆ ನೋಡಿ, ಓಡಿಬಂದರು.

ಅದನ್ನು ಮೊದಲು ಕಂಡವರು ಆದಿನಾರಾಯಣರ ಹೆಂಡತಿ ಮಂಜುಳಮ್ಮ. ಕೋಲಿನಲ್ಲಿ ಗಂಟು ಬಿಡಿಸಿದರು. ಅಮಾವಾಸ್ಯೆ, ಕೆಂಪು ಬಟ್ಟೆ, ಕರಿ ಎಳ್ಳು, ನಿಂಬೆಹಣ್ಣು, ಮೆಣಸಿನಕಾಯಿ. ಅವರು ಕಿರುಚಿದ ಕಿರುಚಿಗೆ ರೈಲ್ವೆ ಗೇಟಿನ ಬಳಿ ಆಟೊಗಳು ನಿಂತವೆಂದು ನಮ್ಮ ಬೀದಿಯವರು ಹೇಳುತ್ತಾರೆ. ನಾನು ನೋಡಿಲ್ಲ, ಆದರೆ ನಂಬುತ್ತೇನೆ.

ಬೀದಿ ಸೇರಿತು. ಹೂ ಮಾರುವ ಆಂಜನಮ್ಮ ಇಂಥ ವಿಷಯದಲ್ಲಿ ನಮ್ಮ ಸುಪ್ರೀಂ ಕೋರ್ಟು. ಬುಟ್ಟಿ ಇಳಿಸಿ, ಬಗ್ಗಿ ನೋಡಿ, ಕೆನ್ನೆಗೆ ಕೈ ಇಟ್ಟುಕೊಂಡರು.

"ಅಯ್ಯಯ್ಯಪ್ಪಾ! ಮೂರು ಬೆರಳು ಒತ್ತವ್ರೆ ನೋಡವ್ವ. ಇದು ಸಣ್ಣಪುಟ್ಟ ಮಾಟದ ಕೈ ಅಲ್ಲ. ಯಾರ್ ಮೇಲಾದ್ರೂ ಕೇಸುಗೀಸು ಹಾಕಿದೀರೇನು?"

"ಹಾಕಿದೀವಲ್ಲ!" ಮಂಜುಳಮ್ಮ ಪಕ್ಕದ ಮನೆಯ ಕಡೆ ಬೆರಳು ತೋರಿಸಿ ಅಲ್ಲೇ ಕುಸಿದು ಕೂತರು.

"ಮೂರು ದಾರಿ ಸೇರೋ ಕಡೆ ಸುಡಬೇಕು" ಎಂದರು ಆಂಜನಮ್ಮ. ಎದುರಿನ ಸೈಕಲ್ ಅಂಗಡಿಯ ರಿಜ್ವಾನ್ ಸೀಮೆಎಣ್ಣೆ ಹುಡುಕಲು ಹೊರಟರು.

ಆಗ ಆದಿನಾರಾಯಣ ಹೊರಗೆ ಬಂದರು. ಕಂಡದ್ದು ತಮ್ಮ ರೊಟ್ಟಿಗೆ ಬೆಂಕಿ ಇಡುವ ಸಿದ್ಧತೆ. ಬಾಯಿ ಬಿಟ್ಟರೆ ಗೋಪ್ಯ ಹೋಗುತ್ತದೆ. ಗೋಪ್ಯದ ಹಿಂದೆಯೇ ಗಂಜಿಯ ಮಾತೂ ಹೊರಬರುತ್ತದೆ. ಹಾಗಾಗಿ ಗಂಟನ್ನು ಬಾಚಿ ಎದೆಗವುಚಿಕೊಂಡು, "ಯಾರೂ ಮುಟ್ಬೇಡಿ! ಏನಾಗೋದಿದ್ರೂ ನನಗಾಗ್ಲಿ. ನಾನೇ ದೂರ ಹೋಗಿ ಬಿಸಾಕಿ ಬರ್ತೀನಿ" ಎಂದು ನಡೆದೇಬಿಟ್ಟರು.

ಬೀದಿಗೆ ಬೀದಿಯೇ ಬೆರಗಾಯಿತು. ಹೆಂಡತಿ ಮಕ್ಕಳ ಮೇಲೆ ಬರುವುದನ್ನು ತಾನೇ ಹೊತ್ತುಕೊಂಡು ಹೋಗುವ ಗಂಡಸು ಈ ಕಾಲದಲ್ಲೂ ಇದ್ದಾನಲ್ಲ! ಆಂಜನಮ್ಮ ಒಂದು ಮೊಳ ಹೂವನ್ನು ಮಂಜುಳಮ್ಮನಿಗೆ ಸುಮ್ಮನೆ ಕೊಟ್ಟರು.

ಹೀಗೆ ಐದು ದಿನ ನಡೆಯಿತು. ಬೆಳಗಾದರೆ ಗೋಡೆಯ ಮೇಲೆ ಕೆಂಪು ಗಂಟು. ಆದಿನಾರಾಯಣ ಎರಡೂ ಕೈಯಲ್ಲಿ ಹಿಡಿದು ಗಂಭೀರವಾಗಿ ಹೊರಡುವುದು, ಬೀದಿಯವರು ಬಾಗಿಲಲ್ಲಿ ನಿಂತು ಕೈಮುಗಿಯುವುದು. ಮಾಟದ ಮನೆಯೆಂದು ಹೆದರಿ ರುದ್ರಾಣಿಯೊಡನೆ ಮಾತ್ರ ಯಾರೂ ಈ ಮಾತೆತ್ತಲಿಲ್ಲ. ಆದರೆ ಮಂಜುಳಮ್ಮನಿಗೆ ಒಂದು ಅನುಮಾನ ಕಾಡತೊಡಗಿತು. ಮಾಟ ಹೊತ್ತವನು ಸೊರಗಬೇಕು. ಇವರ ಕೆನ್ನೆ ಉಬ್ಬುತ್ತಿತ್ತು. ಗಂಜಿಯನ್ನು ಮುಟ್ಟುತ್ತಿರಲಿಲ್ಲ. ಬಾಯಿಂದ ಏನೋ ಬೆಳ್ಳುಳ್ಳಿಯ ವಾಸನೆ ಬೇರೆ.

ಐದನೇ ದಿನ ಆಂಜನಮ್ಮನನ್ನು ಜೊತೆ ಮಾಡಿಕೊಂಡು ಗಂಡನ ಹಿಂದೆಯೇ ಹೋದರು. ಆದಿನಾರಾಯಣ ಮಾರ್ಕೆಟ್ ದಾಟಿ, ರೈಲ್ವೆ ಸ್ಟೇಷನ್ ಹೊಕ್ಕು, ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು, ತುದಿಯ ಬೆಂಚಿನಲ್ಲಿ ಕೂತರು. ಗಂಟು ಬಿಚ್ಚಿದರು. ರೊಟ್ಟಿ ಮುರಿದು, ಚಟ್ನಿ ಅದ್ದಿ, ಬಾಯಿಗಿಟ್ಟು, ಕಣ್ಣು ಮುಚ್ಚಿಕೊಂಡರು. ಮೆಣಸಿನಕಾಯಿಯನ್ನು ಕಟಕ್ಕನೆ ಕಚ್ಚಿ "ಆಹಾ" ಎಂದರು.

ಮಂಜುಳಮ್ಮ ಕಂಬದ ಮರೆಗೆ ಸರಿದರು. ಆಂಜನಮ್ಮ ಅವರ ಸೆರಗು ಜಗ್ಗಿದರು. "ಅವ್ವಾ... ನಿನ್ನ ಗಂಡ ಮಾಟಾನೇ ತಿಂತಾವ್ನೆ! ಬಿಸಾಕಿದೋರನ್ನ ನೋಡಿದೀನಿ, ಸುಟ್ಟೋರನ್ನ ನೋಡಿದೀನಿ. ನಂಚ್ಕೊಂಡು ತಿಂದೋರನ್ನ ಇದೇ ಮೊದಲು ನೋಡ್ತಿರೋದು!"

ಆರನೇ ದಿನ ಮಂಜುಳಮ್ಮ ಗಂಡನಿಗಿಂತ ಮೊದಲೇ ಎದ್ದು, ಗಂಟನ್ನು ಮೊರದಲ್ಲಿ ಹಾಕಿಕೊಂಡು ನೇರ ಪೊಲೀಸ್ ಠಾಣೆಗೆ ನಡೆದರು.

ಹೆಡ್ ಕಾನ್‌ಸ್ಟೆಬಲ್ ಮುತ್ತುರಾಜ್ ಧೈರ್ಯವಂತ. ಆದರೂ ಮೇಜಿನ ಮೇಲೆ ಗಂಟು ಬಂದೊಡನೆ ಕುರ್ಚಿಯನ್ನು ಎರಡಡಿ ಹಿಂದಕ್ಕೆ ಎಳೆದುಕೊಂಡರು. ಲಾಠಿಯ ತುದಿಯಿಂದ ಬಟ್ಟೆ ಸರಿಸಿದರು. ಸಂಗನಬಸಪ್ಪನವರಿಗೆ ಕರೆ ಹೋಯಿತು.

"ಏನ್ರೀ ಇದು?"

"ಹೇಳಂಗಿಲ್ರಿ ಸಾಹೇಬ್ರ."

"ಇಟ್ಟಿದ್ದು ನೀವೇನಾ?"

"ಅದೂ ಹೇಳಂಗಿಲ್ರಿ."

"ಯಾರ್ರೀ ನಿಮಗೆ ಹೇಳಬಾರದು ಅಂದಿದ್ದು?"

"ಕೋರ್ಟಿನ್ಯಾಗ ಹೇಳ್ಯಾರ್ರಿ. ಇದರ ಮ್ಯಾಲೆ ಕೇಳಬ್ಯಾಡ್ರಿ, ಕೈ ಮುಗೀತೀನಿ."

ಮುತ್ತುರಾಜ್ ಎದ್ದು ನಿಂತುಬಿಟ್ಟರು. "ಕೋರ್ಟ್ ಆರ್ಡರ್ ಮೇಲೆ ಮಾಟ?! ಇಪ್ಪತ್ತೆರಡು ವರ್ಷ ಸರ್ವೀಸು ನಂದು. ಕಳ್ಳತನ ನೋಡಿದೀನಿ, ಚೀಟಿ ಎತ್ಕೊಂಡು ಓಡೋದೋರನ್ನ ನೋಡಿದೀನಿ. ಗುರುವೇ, ಇದನ್ನ ಯಾವ ರಿಜಿಸ್ಟರ್‌ನಲ್ಲಿ ಬರೀಲಿ ನಾನು?"

ಅಷ್ಟರಲ್ಲಿ ಆದಿನಾರಾಯಣ ಏದುಸಿರು ಬಿಡುತ್ತಾ ಬಂದರು. ಗೋಡೆ ಖಾಲಿ ಕಂಡು ರೈಲ್ವೆ ಸ್ಟೇಷನ್ನಿನವರೆಗೂ ಹುಡುಕಿ ಬಂದ ಹಸಿವು ಮುಖದಲ್ಲಿತ್ತು. ಸಂಗನಬಸಪ್ಪನವರು ಅವರನ್ನು ನೋಡಿದರು, ಮೇಜನ್ನು ನೋಡಿದರು. ಇವತ್ತಿನ ಎರಡು ರೊಟ್ಟಿ ತಲುಪಿಲ್ಲ. ಒಪ್ಪಂದ ಮುರಿಯಿತು, ಕೇಸು ವಾಪಸ್, ತಡೆಯಾಜ್ಞೆ, ಇನ್ನು ಜನ್ಮಪೂರ್ತಿ ಅನ್ನ. ಅವರು ತಲೆಯ ಮೇಲೆ ಕೈ ಹೊತ್ತು ಬೆಂಚಿನ ಮೇಲೆ ಕೂತರು.

ಮಾಟ ಮಾಡಿದ್ದಕ್ಕೆ ಗಂಡನನ್ನು ಪೊಲೀಸರು ಕರೆದೊಯ್ದರೆಂದು ಕೇಳಿ ಹಿಟ್ಟಿನ ಕೈಯಲ್ಲೇ ಓಡಿಬಂದ ರುದ್ರಾಣಿ ಮೇಜಿನ ಮುಂದೆ ಗಕ್ಕನೆ ನಿಂತರು.

"ಇದು ನನ್ನ ರೊಟ್ಟಿ."

ಮುತ್ತುರಾಜ್ ಪೆನ್ನು ಹುಡುಕಿದರು. "ಏನಮ್ಮಾ, ತಪ್ಪೊಪ್ಪಿಗೆನಾ?"

"ತಪ್ಪು ಯಾವುದ್ರೀ? ಮೂರು ಬೆರಳು ಕಾಣಂಗಿಲ್ಲೇನು? ಹಡದವ್ವ ಕಲಿಸಿದ್ದು. ಇದಕ್ಕ ಮಾಟ ಅಂದವ್ರು ಯಾರು?" ಎಂದವರೇ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡರು. ಮಂಜುಳಮ್ಮ ಚೀರಿದರು. ಮುತ್ತುರಾಜ್ ಬಾಗಿಲಿನವರೆಗೆ ಹೋದರು. ರುದ್ರಾಣಿ ಅಗಿದು ನುಂಗಿ, "ಆರಿ ತಣ್ಣಗಾಗೇತಿ, ಅಷ್ಟ" ಎಂದರು.

ಆಮೇಲೆ ಗಂಡನ ಕಡೆ ತಿರುಗಿದರು. ದನಿ ಇಳಿದಿತ್ತು. "ಇವು ನೀವು ಉಂಡ್ರಿ ಅಂತ ನಾ ತಿಳಕೊಂಡಿದ್ದೆ. ಊರಿಗೆಲ್ಲ ಫೋನ್ ಮಾಡಿ ಹೇಳಿದೀನಿ."

ಸಂಗನಬಸಪ್ಪನವರಿಗೆ ಅಳುವೇ ಬಂತು. "ಹೇಳಂಗಿಲ್ಲ" ಎಂದರು.

ಮುತ್ತುರಾಜ್ ಇಂಥ ಸಂದರ್ಭಕ್ಕೆಂದೇ ಇಟ್ಟುಕೊಂಡಿದ್ದ ಮಾತನ್ನು ಹೊರತೆಗೆದರು. "ಇದು ಅಕ್ಕಪಕ್ಕದ ಮನೆ ಜಗಳ. ಎಲ್ಲಿ ಶುರುವಾಯ್ತೋ ಅಲ್ಲೇ ಹೋಗಿ. ನಡೀರಿ, ಇದನ್ನೂ ತಗೊಂಡು ಹೋಗಿ."

ನಾಲ್ವರೂ ಅದೇ ದಿನ ಪದ್ಮಶ್ರೀಯವರ ಮುಂದೆ ಕೂತರು. ಎಲ್ಲ ಕೇಳಿದ ಆ ತಾಳ್ಮೆಯ ಮುಖವೂ ಮೊದಲ ಬಾರಿಗೆ ಬಾಯಿ ಬಿಟ್ಟುಕೊಂಡಿತು.

"ಸರ್, ಇಲ್ಲಿ ಆಡಿದ *ಮಾತು* ಹೊರಗೆ ಹೇಳ್ಬೇಡಿ ಅಂದೆ. ಆದ ಒಪ್ಪಂದಾನ ಮನೆಯವರಿಗೆ ಹೇಳ್ಬೇಡಿ ಅಂದ್ನಾ? ರೊಟ್ಟಿ ಮಾಡೋರು ಯಾರು?"

"ನಾನು" ಎಂದರು ರುದ್ರಾಣಿ.

"ನಿಮ್ಮನ್ನ ಕೇಳಿದ್ರಾ?"

"ಇಲ್ಲ."

ಪದ್ಮಶ್ರೀ ಒಪ್ಪಂದದ ಹಾಳೆಯನ್ನು ನೋಡಿ ನಿಟ್ಟುಸಿರಿಟ್ಟರು. "ತಪ್ಪು ನಂದೂ ಇದೆ. ನಾನೂ ಕೇಳ್ಬೇಕಿತ್ತು." ಹಾಳೆಯನ್ನು ಎರಡು ತುಂಡು ಮಾಡಿದರು. ಗಂಡಸರಿಬ್ಬರ ಎದೆಯೂ ಒಟ್ಟಿಗೆ ಹರಿಯಿತು. "ಹೊಸದಾಗಿ ಶುರು ಮಾಡೋಣ. ನೀವಿಬ್ಬರೂ ಆಚೆ ಕೂತಿರಿ. ನಾನು ಇವರಿಬ್ಬರ ಹತ್ರ ಮಾತಾಡ್ತೀನಿ."

ವಾದಿ ಪ್ರತಿವಾದಿಗಳು ಹೊರಗಿನ ಬೆಂಚಿನಲ್ಲಿ ಪಕ್ಕಪಕ್ಕ ಕೂತರು. ಒಳಗೆ ಮೊದಲು ರುದ್ರಾಣಿಯ ದನಿ ಏರಿತು. ಆಮೇಲೆ ಮಂಜುಳಮ್ಮನದು. ಆಮೇಲೆ ಇಬ್ಬರದೂ ನಿಂತಿತು. ಆಮೇಲೆ ನಗು. ಮೂರು ಹೆಂಗಸರ ನಗು. ಆದಿನಾರಾಯಣ ಬೆವರು ಒರೆಸಿಕೊಂಡು, "ಇದು ಒಳ್ಳೇ ಲಕ್ಷಣ ಅಲ್ಲ ಕಣ್ರೀ" ಎಂದರು.

ಮುಕ್ಕಾಲು ಗಂಟೆಗೆ ಬಾಗಿಲು ತೆರೆಯಿತು. ರುದ್ರಾಣಿ, ಮಂಜುಳಮ್ಮ ಕೈ ಕೈ ಹಿಡಿದುಕೊಂಡು ಬಂದರು.

"ಏನಾತ?" ಎಂದರು ಸಂಗನಬಸಪ್ಪನವರು.

"ಹೇಳಂಗಿಲ್ಲ" ಎಂದರು ರುದ್ರಾಣಿ.

"ನಿಮ್ಮ ಪಾಲಿಂದು ಇಲ್ಲಿ ಬರೆದಿದೆ, ಓದಿ ಸಹಿ ಮಾಡಿ" ಎಂದು ಪದ್ಮಶ್ರೀ ಹಾಳೆ ಚಾಚಿದರು. ರಾಜಿ ಉಳಿಯಿತೆಂಬ ಸಂತೋಷದಲ್ಲಿ ಸಂಗನಬಸಪ್ಪನವರು ಓದದೆ ಸಹಿ ಮಾಡಿದರು. ಪ್ರತಿವಾದಿಯೇ ಓದದ ಮೇಲೆ ತಾನ್ಯಾಕೆ ಓದಲಿ ಎಂದು ಆದಿನಾರಾಯಣರೂ ಮಾಡಿದರು. ಮುಂದಿನ ವಾರ ಅದು ಡಿಕ್ರಿಯಾಯಿತು.

ಹೀಗಾಗಿ ಈಗ ನಮ್ಮ ಬೀದಿಯಲ್ಲಿ ಬೆಳಗಿನ ಐದಕ್ಕೆ ಕೇಳುವ ಬಡಿತವೇ ಬೇರೆ. ಮೊದಲಿನದಕ್ಕೆ ಒಂದು ಲಯವಿತ್ತು. ಇದು ಒಮ್ಮೆ ಧಡ್ ಎನ್ನುತ್ತದೆ, ಒಮ್ಮೆ ತಡವರಿಸುತ್ತದೆ, ನಡುನಡುವೆ "ಅಯ್ಯೋ ಶಿವನ, ಸುಟ್ತು!" ಎನ್ನುತ್ತದೆ. ಡಿಕ್ರಿಯ ಪ್ರಕಾರ ಮಾತು ಕೊಟ್ಟವರೇ ರೊಟ್ಟಿ ಬಡಿಯಬೇಕು; ಬೇಕೆಂದವರು ಎರಡನ್ನೂ ಚೂರು ಬಿಡದೆ ತಿನ್ನಬೇಕು, ಅದೂ ಓಟ್ಸ್ ಗಂಜಿ ನಂಚಿಕೊಂಡು. ರುದ್ರಾಣಿ ಆರಕ್ಕೆ ಎದ್ದು ತಮಗೆ, ಮಂಜುಳಮ್ಮನಿಗೆ ಎಂದು ಹೂವಿನಂಥ ನಾಲ್ಕು ರೊಟ್ಟಿ ಬಡಿಯುತ್ತಾರೆ. ಇಬ್ಬರೂ ಮುಂಬಾಗಿಲಲ್ಲಿ ಕೂತು ತಿನ್ನುವಾಗ ಆಂಜನಮ್ಮನಿಗೂ ಒಂದು ತುಣುಕು ಸಿಗುತ್ತದೆ.

ಮೊನ್ನೆ ಹಿತ್ತಲ ಗೋಡೆಯ ಹತ್ತಿರ ಪಿಸುಮಾತು ಕೇಳಿತು. ಆದಿನಾರಾಯಣ ಹೆಂಚಿನ ಚೂರಿನಂಥ ಏನನ್ನೋ ದವಡೆಯಲ್ಲಿ ಹೊರಳಿಸುತ್ತಾ ನಿಂತಿದ್ದರು.

"ಸಂಗನಬಸಪ್ಪನೋರೇ, ಇನ್ನು ಆಗಲ್ಲ ಕಣ್ರೀ. ನನ್ನ ಹಲ್ಲು ಅಲ್ಲಾಡ್ತಾ ಐತೆ. ಇನ್ನೊಂದು ಕೇಸು ಹಾಕಿಬಿಡ್ಲಾ? ಕೋರ್ಟಿಗೇ ಹೋಗೋಣ."

ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡ ಸಂಗನಬಸಪ್ಪನವರು ಒಳಗಿನ ಕಡೆ ನೋಡಿ, ಗೋಡೆಯ ಮೇಲಿನಿಂದ ಅವರ ಎರಡೂ ಕೈ ಹಿಡಿದುಕೊಂಡರು.

"ಲಗೂ ಹಾಕ್ರಿ ಸಾಹೇಬ್ರ. ಯಾವ ಕೇಸರ ಹಾಕ್ರಿ. ಸೋಲೂದು ನನಗ ಬಿಡ್ರಿ."

ಅಡುಗೆಮನೆಯ ಕಿಟಕಿಯಿಂದ ರುದ್ರಾಣಿ, ಮಂಜುಳಮ್ಮ ಇಬ್ಬರ ದನಿಯೂ ಒಟ್ಟಿಗೆ ಬಂತು.

"ಅಪೀಲಿಲ್ಲ!"